ಅಜ್ಜನ ಕಾಲದ ಕೋವಿ ಕೊಳ್ಳುವ ಮುಂಚೆ

2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಹರಾಜಾದ ಕೋವಿಯೊಂದು ನಮ್ಮ ಶ್ರೀರಂಗಪಟ್ಟಣದಿಂದ ಹೋದದ್ದು. ಟಿಪ್ಪು ಸುಲ್ತಾನನ ಖಾಸಾ ಶಸ್ತ್ರಾಗಾರದ, ಬೆಳ್ಳಿ ಕಟ್ಟಿನ ಚಕಮಕಿ ಕೋವಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಹೊತ್ತುಕೊಂಡು ಹೋದ ಸಾಮಾನಿನ ಜೊತೆ ಅದೂ ಹಡಗು ಹತ್ತಿತ್ತು. ತಲೆಮಾರುಗಳ ನಂತರ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ 60 ಸಾವಿರ ಪೌಂಡಿಗೆ ಮಾರಾಟವಾಯಿತು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಮ್ಮ ಕಡೆಯ ಎಷ್ಟೋ ಜನರಿಗೆ ತಮ್ಮ ಮನೆಯ ಅಟ್ಟವೂ ನೆನಪಾಗಿರಬೇಕು. ಹಳೆ ಪಟೇಲರ ಮನೆಗಳಲ್ಲಿ, ಜಮೀನ್ದಾರರ ತೊಟ್ಟಿಮನೆಗಳಲ್ಲಿ, ಆಯುಧಪೂಜೆಯ ದಿನ ಮಾತ್ರ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಳ್ಳುವ ಜೋಡು ನಳಿಗೆಯ ಕೋವಿಗಳು ಇನ್ನೂ ಇವೆ. ಅವುಗಳಲ್ಲಿ ಕೆಲವು ಕೈ ಬದಲಾಯಿಸುತ್ತಲೂ ಇರುತ್ತವೆ.

ಆದರೆ ಇಂಗ್ಲೆಂಡಿನ ಅಟ್ಟಕ್ಕೂ ಮಂಡ್ಯ ಜಿಲ್ಲೆಯ ಪಾಂಡವಪುರದ ಅಟ್ಟಕ್ಕೂ ಕಾನೂನಿನ ಲೆಕ್ಕದಲ್ಲಿ ಅಜಗಜಾಂತರ. ಅಲ್ಲಿ ಇಂಥ ಪುರಾತನ ಕೋವಿಯನ್ನು ಗೋಡೆಗೆ ತೂಗುಹಾಕುವ ಅಲಂಕಾರದ ವಸ್ತು ಎಂದು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದು. ಅಮೆರಿಕದವರಿಗಂತೂ 1898ರ ಗಡಿಯಿದೆ. ಅದಕ್ಕೂ ಹಳೆಯದಾದರೆ ಅವರ ಕೇಂದ್ರ ಕಾನೂನು ಅದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಂಥ ಯಾವ ಇಸವಿಯೂ ಇಲ್ಲ. ಕೋವಿಗೆ ನೂರೈವತ್ತು ವರ್ಷ ತುಂಬಿದ್ದರೂ ಅದನ್ನು ಹಾರಿಸಲು, ಹೊತ್ತು ತಿರುಗಲು ಲೈಸೆನ್ಸು ಬೇಕು. ಕಾಯ್ದೆಯ 45ನೇ ಕಲಮು ಒಂದು ವಿನಾಯಿತಿ ಕೊಡುತ್ತದೆ ನಿಜ: ಹಳೆ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ. ಅದರ ಬಾಲದಲ್ಲಿ ಒಂದು ಷರತ್ತಿದೆ. ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ ಅದು ಹಾರಿಸಲು ಬಾರದಂತಿರಬೇಕು. ತೋಟಾದ ಕೇಪಿಗೆ ಚುಚ್ಚುವ ಸೂಜಿ ಕಿತ್ತು ಪಕ್ಕಕ್ಕಿಟ್ಟು "ಇದು ಶೋಕಿಗೆ ಇಟ್ಟಿರೋದು ಸಾರ್" ಅಂದರೆ ಆಗುವುದಿಲ್ಲ. ಸೂಜಿ ಹಾಕಿಸುವುದು ಅರ್ಧ ದಿನದ ಕೆಲಸ, ಅದು ಪೊಲೀಸರಿಗೂ ಗೊತ್ತು.

ಹಳೆ ಕೋವಿ ಕೊಳ್ಳಲು ಹೊರಟವರು ಸಾಮಾನ್ಯವಾಗಿ ನೋಡುವುದು ಪಕ್ಕದ ತಗಡಿನ ಮೇಲಿನ ಬಾತುಕೋಳಿ, ಎಲೆಬಳ್ಳಿಯ ಕೆತ್ತನೆ, ಸೂಜಿಯ ಮೇಲೆ ಬಡಿಯುವ ಎರಡು ಕುದುರೆಗಳ ಡೊಂಕು, ಮೇಲಿನ ಪಟ್ಟಿಯಲ್ಲಿ ಕೊರೆದ ಹೆಸರು. ನೋಡಬೇಕಾದದ್ದು ನಳಿಗೆಯ ಕೆಳಮೈ, ಒಳಮೈ, ಮತ್ತು ಮಾರುವವನ ಕೈಯಲ್ಲಿರುವ ಕಾಗದ. ಕೋವಿಯನ್ನು ಕಬ್ಬಿಣವಾಗಿಯೂ ಓದಬೇಕು, ಕಾಗದವಾಗಿಯೂ ಓದಬೇಕು. ನಮ್ಮ ಸೀಮೆಯಲ್ಲಿ ಒಂದು ಪರೀಕ್ಷೆಯಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲಾಗುವ ಕೋವಿಗಳೇ ಜಾಸ್ತಿ ಎಂಬುದು ನನ್ನ ಅಂದಾಜು.

ಮೊದಲು, ಹೊರಗೆ ಕುದುರೆಯಿರುವ ಈ ಜೋಡು ನಳಿಗೆಯ ಕೋವಿ ಯಾವ ಕಾಲದ್ದು ಎಂದು ತಿಳಿಯಬೇಕು. ಜೋಡು ನಳಿಗೆ ಎಂದಾಕ್ಷಣ ಟಿಪ್ಪುವಿನ ಕಾಲಕ್ಕೆ ಹೋಗುವವರಿದ್ದಾರೆ. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಜೋಡು ನಳಿಗೆಯ ಚಕಮಕಿ ಕೋವಿಗಳನ್ನು ಮಾಡುತ್ತಿದ್ದದ್ದು ಹೌದು, ಹುಲಿಪಟ್ಟೆಯ ಅಲಂಕಾರದ ಅಂಥವು ಇಂದು ವಿದೇಶದ ಸಂಗ್ರಹಗಳಲ್ಲಿವೆ. ಜೋಡಿ ರೈಲು ಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ ಟಿಪ್ಪುವಿನ ಶಸ್ತ್ರಾಗಾರವನ್ನು ನೋಡಿದವರಿಗೆ, ಹಿರೋಡೆಯಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟದ್ದರಿಂದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದದ್ದು ಗೊತ್ತಿರುವವರಿಗೆ, ಆ ಆಸೆ ಸಹಜ. ಆದರೆ ಈಗ ಮಾರಾಟಕ್ಕೆ ಬರುವ ಕೋವಿ ಆ ವಂಶದ್ದಲ್ಲ. ಅದು ನಡು ಮುರಿದು ಹಿಂದಿನಿಂದ ತೋಟಾ ತುಂಬುವ ಕೋವಿ. ಯುರೋಪಿನಲ್ಲಿ 1830ರ ದಶಕದಲ್ಲಿ ಲೆಫೊಶೆ ಎಂಬ ಫ್ರೆಂಚ್ ಕಸುಬಿ ಆ ದಾರಿ ತೆರೆದ. 1860ರ ದಶಕದಲ್ಲಿ ತೋಟಾದ ತಳದ ನಡುವೆ ಕೇಪು ಇರುವ ಈಗಿನ ಮಾದರಿ ಬಂತು. 1875ರಲ್ಲಿ ಆ್ಯನ್ಸನ್ ಮತ್ತು ಡೀಲಿ ಎಂಬ ಬರ್ಮಿಂಗ್‌ಹ್ಯಾಮ್‌ನ ಇಬ್ಬರು ಕುದುರೆಯನ್ನು ಒಳಗೆ ಅಡಗಿಸಿದ ಕೋವಿಗೆ ಪೇಟೆಂಟ್ ಪಡೆದ ಮೇಲೆ ಹೊರಗುದುರೆಯದು ಹಳೆ ಫ್ಯಾಷನ್ ಆಯಿತು. ಆದರೂ ಅಗ್ಗದ ಮಾಲಾಗಿ ಇಪ್ಪತ್ತನೆಯ ಶತಮಾನದಲ್ಲೂ ಬರ್ಮಿಂಗ್‌ಹ್ಯಾಮ್‌ನಿಂದ, ಬೆಲ್ಜಿಯಂನ ಲಿಯೇಜ್‌ನಿಂದ ಹಡಗುಗಟ್ಟಲೆ ಬರುತ್ತಲೇ ಇತ್ತು. ಆದ್ದರಿಂದ ಹೊರಗೆ ಕುದುರೆ ಇದ್ದ ಮಾತ್ರಕ್ಕೆ ಕೋವಿ ವಿಕ್ಟೋರಿಯಾ ರಾಣಿಯ ಕಾಲದ್ದೇ ಆಗಿರಬೇಕೆಂದಿಲ್ಲ.

ಮೇಲಿನ ಪಟ್ಟಿಯಲ್ಲಿ ಮದ್ರಾಸಿನ ಪಿ. ಆರ್ ಅಂಡ್ ಸನ್ಸ್ ಅಥವಾ ಓಕ್ಸ್ ಅಂತಲೋ, ಕಲ್ಕತ್ತೆಯ ಮ್ಯಾಂಟನ್ ಅಥವಾ ರೋಡ್ಡಾ ಅಂತಲೋ ಇದ್ದರೆ ಅದು ಮಾರಿದ ಅಂಗಡಿಯ ಹೆಸರು. ಅಂಥ ಕೋವಿಗಳಲ್ಲಿ ಬಹುಪಾಲು ತಯಾರಾದದ್ದು ಸಮುದ್ರದ ಆಚೆ. ಹೆಸರು ದೊಡ್ಡದೆಂದು ರೇಟು ಏರಿಸುವವರಿಗೆ ಇದನ್ನು ನಯವಾಗಿ ಹೇಳಬಹುದು.

ಇನ್ನು ಕಾಗದ. ಕೋವಿ ಕೈಗೆ ತೆಗೆದುಕೊಳ್ಳುವ ಮುಂಚೆಯೇ ಕೇಳಬೇಕಾದದ್ದು ಮಾರುವವರ ಲೈಸೆನ್ಸು ಪುಸ್ತಕ. ಅದರಲ್ಲಿ ಡಿ.ಬಿ.ಬಿ.ಎಲ್. ಎಂದಿರುತ್ತದೆ, ಅಂದರೆ ಜೋಡು ನಳಿಗೆಯ, ಹಿಂದಿನಿಂದ ತುಂಬುವ ಕೋವಿ. ಪಕ್ಕದಲ್ಲಿ ಬೋರು, ತಯಾರಕರ ಹೆಸರು, ನಂಬರು. ಆ ನಂಬರು ಕೋವಿಯ ಮೈಮೇಲಿನ ನಂಬರಿಗೆ ಅಂಕಿ ಅಂಕಿಗೂ ಕೂಡಬೇಕು. ಹಳೆ ಬೆಲ್ಜಿಯಂ ಮಾಲಿನಲ್ಲಿ ಇದೇ ತೊಂದರೆ: ಕೆಲವಕ್ಕೆ ಹೆಸರಿಲ್ಲ, ಕೆಲವಕ್ಕೆ ನಂಬರು ಸವೆದು ಹೋಗಿದೆ, ಕೆಲವದರಲ್ಲಿ ನಳಿಗೆಯ ಮೇಲೊಂದು ನಂಬರು, ಕೀಲಿನ ಮೇಲೆ ಇನ್ನೊಂದು. ಗುರುತಿನ ಮುದ್ರೆ ಇಲ್ಲದ ಕೋವಿಯನ್ನು ಮಾರುವಂತಿಲ್ಲ ಎಂದು ಕಾಯ್ದೆಯ 8ನೇ ಕಲಮು ಹೇಳುತ್ತದೆ. ನಂಬರು ಅಳಿಸಿದ್ದು ಕಂಡರೆ, ಅಳಿಸಿದವನು ಅದನ್ನು ಇಟ್ಟುಕೊಂಡವನೇ ಎಂದು ಕಾನೂನು ಮೊದಲು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಇಂಥ ಕೋವಿಯನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬಾರದು.

ಕೊಳ್ಳುವವರ ಕಡೆಯ ಕಾಗದವೂ ಅಷ್ಟೇ ಮುಖ್ಯ. ವಯಸ್ಸು 21 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಕೋವಿ, ಮೊದಲು ಮೂರು ಇತ್ತು. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರೊಳಗೇ ಲೆಕ್ಕ. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಲೈಸೆನ್ಸಿಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷದ ಸಜೆ. ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಗಾಳಿಗೆ ಈಡು ಹೊಡೆಯುವುದನ್ನೂ ಅದೇ ತಿದ್ದುಪಡಿ ಅಪರಾಧ ಮಾಡಿತು, ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ನಮ್ಮ ನಾಲ್ಕು ತಾಲ್ಲೂಕಿಗೇ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೇರಿ ಪಾಂಡವಪುರ ಉಪವಿಭಾಗ. ಈ ಉಪವಿಭಾಗದೊಳಗೆ ಮೂರು ವನ್ಯಧಾಮಗಳಿವೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಂತೆ ಮೈಸೂರು ಸರ್ಕಾರ 1940ರಲ್ಲಿ ಘೋಷಿಸಿದ ರಂಗನತಿಟ್ಟು ಪಕ್ಷಿಧಾಮ, 1974ರ ಮೇಲುಕೋಟೆ ವನ್ಯಧಾಮ, 1981ರ ಆದಿಚುಂಚನಗಿರಿ ನವಿಲುಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ವನ್ಯಧಾಮದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಕೋವಿ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಷ್ಟೇ ಅಲ್ಲ, ಆ ಹತ್ತು ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಮೊದಲೇ ಒಪ್ಪಬೇಕು. ನಕ್ಷೆ ಬಿಡಿಸಿ ಮೂರು ಕಡೆ ಹತ್ತು ಕಿಲೋಮೀಟರಿನ ವೃತ್ತ ಎಳೆದು ನೋಡಿ. ಶ್ರೀರಂಗಪಟ್ಟಣ ಪೇಟೆ ಒಳಗೆ ಬಿತ್ತು, ಮೇಲುಕೋಟೆ ಸುತ್ತಲ ಊರುಗಳು ಬಿದ್ದವು, ಬೆಳ್ಳೂರು ಕಡೆಯ ಹಳ್ಳಿಗಳು ಬಿದ್ದವು. ಲೈಸೆನ್ಸೇ ಇಲ್ಲದೆ ಮೊದಲು ಕೋವಿಗೆ ಮುಂಗಡ ಕೊಟ್ಟು ಆಮೇಲೆ ಡಿಸಿ ಆಫೀಸಿಗೆ ಅರ್ಜಿ ಹಾಕೋಣ ಎನ್ನುವವರು ಈ ವೃತ್ತವನ್ನು ಮರೆತಿರುತ್ತಾರೆ.

ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತದೆ, ಚಿರತೆ ಮರಿ ಹಾಕುತ್ತದೆ, ಅದಕ್ಕೇ ಕೋವಿ ಬೇಕು ಎಂಬ ವಾದ ನಮ್ಮ ಕಡೆ ಹಳೆಯದು. ಬೆಳೆ ರಕ್ಷಣೆಗೆ ಲೈಸೆನ್ಸು ಕೊಡುವ ಅವಕಾಶ ಕಾಯ್ದೆಯಲ್ಲಿ ಇದೆ. ಅದಕ್ಕೆ ಮೊದಲು ಹೇಳಿರುವುದು ಮುಂದಿನಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿ. ಲೈಸೆನ್ಸು ಸಿಕ್ಕಿತೆಂದು ಹಂದಿಗೆ ಗುರಿಯಿಡುವ ಹಾಗೂ ಇಲ್ಲ. ಬೆಳೆ ಹಾಳುಮಾಡುವ ಕಾಡುಪ್ರಾಣಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇರೆಯೇ ಬೇಕು. ಕೋವಿ ಒಂದು ಇಲಾಖೆಯದು, ಹಂದಿ ಇನ್ನೊಂದು ಇಲಾಖೆಯದು.

ಕೊಡಗಿನಿಂದ ತರೋಣ ಎನ್ನುವವರಿಗೂ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದ 1861ರ ಆದೇಶದಿಂದ ಬಂದದ್ದು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಆ ವಿನಾಯಿತಿ ಜನಕ್ಕೆ, ಕೋವಿಗಲ್ಲ. ಕುಶಾಲನಗರದ ಸೇತುವೆ ದಾಟಿ ಕೆ.ಆರ್. ಪೇಟೆಯವರ ಕೈ ಸೇರುವ ಕ್ಷಣಕ್ಕೆ ಅದಕ್ಕೆ ಎಲ್ಲ ಕೋವಿಗಳ ಹಾಗೆ ಲೈಸೆನ್ಸು ಬೇಕು.

ಕಾಗದ ಸರಿಯಿದ್ದರೆ ಈಗ ಕೋವಿಯನ್ನು ಕೈಗೆ ತೆಗೆದುಕೊಳ್ಳಬಹುದು. ಮೊದಲು ನಡು ಮುರಿದು ಎರಡೂ ನಳಿಗೆ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. "ಅಯ್ಯೋ, ಖಾಲಿ ಕಣಣ್ಣ, ನಮ್ಮಪ್ಪನ ಕಾಲದಿಂದ ಈಡೇ ಹಾಕಿಲ್ಲ" ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು.

ಆಮೇಲೆ ಬಿಚ್ಚಬೇಕು. ಎಡಗೈ ಹಿಡಿಯುವ ಮುಂದಿನ ಮರದ ತುಂಡನ್ನು ತೆಗೆದರೆ ನಳಿಗೆಗಳು ಹಿಡಿಯಿಂದ ಬೇರೆಯಾಗುತ್ತವೆ. ಆ ಜೋಡು ನಳಿಗೆಯನ್ನು ಕೆಳಗಿನ ಕೊಕ್ಕೆಯಿಂದ ಬೆರಳಿಗೆ ನೇತುಹಾಕಿ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ನಾಗಮಂಗಲದ ಕಂಚುಗಾರರು ಗಂಟೆ ಬಿರುಕು ಬಿಟ್ಟಿದೆಯೇ ಎಂದು ತಟ್ಟಿ ನೋಡುವ ಹಾಗೆ. ನಾದ ಹೊರಟು ಸ್ವಲ್ಪ ಹೊತ್ತು ನಿಂತರೆ ಎರಡು ನಳಿಗೆಗಳನ್ನು ಬೆಸೆದಿರುವ ಪಟ್ಟಿ ಗಟ್ಟಿಯಾಗಿದೆ. "ದಡ್" ಎಂದು ಸತ್ತ ಸದ್ದು ಬಂದರೆ ಬೆಸುಗೆ ಎಲ್ಲೋ ಬಿಟ್ಟಿದೆ, ಒಳಗೆ ನೀರು ಇಳಿದು ಕಾಣದ ಕಡೆ ತುಕ್ಕು ತಿನ್ನುತ್ತಿರಬಹುದು. ನಮ್ಮ ನಾಲೆ ಬಯಲಿನ ತೇವಕ್ಕೆ ಇದು ಹೊಸತಲ್ಲ.

ಕೆಳಮೈ ತಿರುಗಿಸಿ. ತೋಟಾ ಕೂರುವ ಭಾಗದ ಅಡಿಯ ಚಪ್ಪಟೆ ಜಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಇದೇ ಕೋವಿಯ ಜಾತಕ. ಹೆಚ್ಚು ಮದ್ದು ತುಂಬಿ ಹಾರಿಸಿ ನಳಿಗೆ ತಡೆಯಿತೆಂದು ಪರೀಕ್ಷಾಲಯ ಒತ್ತಿದ ಗುರುತು ಅದು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರ ಕಾನೂನಿನಿಂದ ಆದದ್ದು. 1904ರವರೆಗೆ ಅದರ ಮುದ್ರೆ ಕಿರೀಟದ ಕೆಳಗೆ ಅಡ್ಡಹಾಕಿದ ಎರಡು ರಾಜದಂಡ, ಜೊತೆಗೆ ಬಿ, ಪಿ, ಸಿ ಅಥವಾ ವಿ ಅಕ್ಷರಗಳು. ಲಿಯೇಜ್‌ನದಾದರೆ ಅಂಡಾಕಾರದೊಳಗೆ ಇ.ಎಲ್.ಜಿ. ಎಂದಿರುತ್ತದೆ, ಅದರ ತಲೆಯ ಮೇಲೆ ಕಿರೀಟ ಇದ್ದರೆ ಕೋವಿ 1893ರ ಈಚಿನದು. "ನಾಟ್ ಫಾರ್ ಬಾಲ್" ಎಂದು ಒತ್ತಿದ್ದರೆ 1875ರಿಂದ 1887ರ ನಡುವಿನ ಇಂಗ್ಲಿಷ್ ಮುದ್ರೆ. ಮೂತಿಯ ಬಳಿ ನಳಿಗೆ ಕಿರಿದಾಗಿದೆ, ಒಂಟಿ ಗುಂಡು ಹಾಕಬೇಡಿ, ಚರೆ ಮಾತ್ರ ಹಾಕಿ ಎಂದು ಅರ್ಥ. ಮಾರುವವರ ಮಾತಿನಲ್ಲಿ ಕೋವಿಯ ವಯಸ್ಸು ಪ್ರತಿ ವರ್ಷ ಹತ್ತು ವರ್ಷ ಏರುತ್ತಿರುತ್ತದೆ. ಮುದ್ರೆ ಮಾತ್ರ ತಾನಿದ್ದಲ್ಲೇ ಇರುತ್ತದೆ.

ಈ ಮುದ್ರೆಗಳಲ್ಲಿ ಹುಡುಕಬೇಕಾದ ಒಂದು ಮುಖ್ಯ ಸಂಗತಿಯಿದೆ. ನಳಿಗೆಯನ್ನು ಪರೀಕ್ಷಿಸಿದ್ದು ಕರಿಮದ್ದಿನಲ್ಲೋ, ಹೊಗೆಯಿಲ್ಲದ ನೈಟ್ರೊ ಮದ್ದಿನಲ್ಲೋ? ಇಂಗ್ಲೆಂಡಿನಲ್ಲಿ ನೈಟ್ರೊ ಪರೀಕ್ಷೆಯ ಗುರುತು ಶುರುವಾದದ್ದೇ 1896ರಲ್ಲಿ. ಎನ್.ಪಿ. ಎಂದೋ "ನೈಟ್ರೊ ಪ್ರೂಫ್" ಎಂದೋ ಇರುತ್ತದೆ. ಬೆಲ್ಜಿಯಂನದಾದರೆ ಸಿಂಹದ ಕೆಳಗೆ ಪಿ.ವಿ. ಇದು ಇಲ್ಲದಿದ್ದರೆ ಆ ನಳಿಗೆ ಕರಿಮದ್ದಿನ ಒತ್ತಡವನ್ನು ತಡೆಯುತ್ತದೆ ಎಂದಷ್ಟೇ ಯಾರೋ ಒಬ್ಬರು ಒಮ್ಮೆ ಖಾತರಿ ಕೊಟ್ಟಿದ್ದಾರೆ. ಅದೂ ನೂರು ವರ್ಷದ ಹಿಂದೆ. ಈಗ ಅಂಗಡಿಯಲ್ಲಿ ಸಿಗುವ ತೋಟಾ ಹೆಚ್ಚಾಗಿ ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್, ಅದರೊಳಗಿರುವುದು ಹೊಗೆಯಿಲ್ಲದ ಮದ್ದು. ಅಂದರೆ ಕರಿಮದ್ದಿನ ಕೋವಿ ಕೊಂಡವರು ಅದಕ್ಕೆ ಯೋಗ್ಯವಾದ ತೋಟಾವನ್ನು ಅಂಗಡಿಯಲ್ಲಿ ಕೇಳಿ ಪಡೆಯುವಂತಿಲ್ಲ. "ನಮ್ಮಪ್ಪ ಐವತ್ತು ವರ್ಷ ಇದೇ ಶಕ್ತಿಮಾನ್ ತೋಟಾನೇ ಹೊಡೆದ, ಏನೂ ಆಗಿಲ್ಲ" ಎನ್ನುವವರಿರುತ್ತಾರೆ. ಆಗುವ ದಿನ ಎಡಗೈಯ ಬೆರಳು ಹೋಗುತ್ತದೆ, ಏಕೆಂದರೆ ಒಡೆಯುವ ಜಾಗದ ಹತ್ತಿರವೇ ಆ ಕೈ ಇರುತ್ತದೆ.

ನಳಿಗೆಯ ಮೇಲೆ ಬಳ್ಳಿ ಸುತ್ತಿದಂಥ, ನೀರಿನ ಅಲೆಯಂಥ ಕಂದು ಗೆರೆಗಳು ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಸಲಾಕೆಗಳನ್ನು ಹುರಿಹೊಸೆದು, ಪಟ್ಟಿಯಾಗಿ ತಟ್ಟಿ, ಕೋಲಿನ ಸುತ್ತ ಸುತ್ತಿ, ಕಾಯಿಸಿ ಬೆಸೆದದ್ದು. ಲಿಯೇಜ್ ಸುತ್ತಲ ಹಳ್ಳಿಗಳು ಇದರಲ್ಲಿ ಪಳಗಿದ್ದವು, ಮೊದಲ ಮಹಾಯುದ್ಧದ ಹೊತ್ತಿಗೆ ಆ ಕಸುಬು ಮುಗಿಯಿತು. ಡಮಾಸ್ಕಸ್ ಎಂದರೆ ದುರ್ಬಲ ಎಂದು ಸಾರಾಸಗಟಾಗಿ ತಳ್ಳಿಹಾಕುವವರೂ ಇದ್ದಾರೆ. ಅದು ಪೂರ್ತಿ ನಿಜವಲ್ಲ. 1890ರ ಆಸುಪಾಸಿನಲ್ಲಿ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ಬಗೆಬಗೆಯ ನಳಿಗೆಗಳನ್ನು ಒಡೆಯುವವರೆಗೂ ಪರೀಕ್ಷಿಸಿದಾಗ ಮೊದಲ ಸ್ಥಾನ ಬಂದದ್ದು ಬೆಸೆದು ಮಾಡಿದ ಇಂಗ್ಲಿಷ್ ನಳಿಗೆಯೊಂದಕ್ಕೇ, ಇಡೀ ಉಕ್ಕಿನದಕ್ಕಲ್ಲ. ಆದರೆ ಅದು ಹೊಸ ನಳಿಗೆಯ ಫಲಿತಾಂಶ. ಬೆಸುಗೆಯ ಸಂದಿನಲ್ಲಿ ನೂರು ಮಳೆಗಾಲದ ತೇವ ಕುಡಿದ ನಳಿಗೆಗೆ ಅದನ್ನು ಸಾಕ್ಷಿ ಮಾಡಿಕೊಳ್ಳಬಾರದು. ಗೆರೆ ಚೆಂದ ಇದೆ ಎಂದು ನಾನು ಮೆಚ್ಚುತ್ತೇನೆ, ನೈಟ್ರೊ ಮುದ್ರೆ ಇಲ್ಲದಿದ್ದರೆ ತೋಟಾ ಮಾತ್ರ ಹಾಕುವುದಿಲ್ಲ.

ಈಗ ಒಳಮೈ. ಬಿಚ್ಚಿದ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಡೆಯಿಂದ ಕಣ್ಣಿಟ್ಟು ಮೆಲ್ಲಗೆ ತಿರುಗಿಸಬೇಕು. ಬೆಳಕಿನ ಉಂಗುರಗಳು ಒಂದರೊಳಗೊಂದು ದುಂಡಗೆ ಕಂಡರೆ ನಳಿಗೆ ನೇರ. ಉಂಗುರ ಒಂದು ಕಡೆ ಮುರಿದರೆ ಅಲ್ಲಿ ತಗ್ಗಿದೆ. ಇಡೀ ಸುತ್ತಿಗೆ ಒಂದು ಕಪ್ಪು ನೆರಳು ಬಿದ್ದರೆ ಅದು ಉಬ್ಬು, ಎಂದೋ ಮಣ್ಣೋ ಬಟ್ಟೆಯೋ ಸಿಕ್ಕಿಕೊಂಡಿದ್ದಾಗ ಈಡು ಹಾರಿಸಿದ ಗುರುತು. ತಗ್ಗನ್ನು ಕಸುಬಿ ಎತ್ತಬಹುದು. ಉಬ್ಬಿದ ಕಡೆ ಲೋಹ ತೆಳುವಾಗಿ ಹೋಗಿದೆ, ಅದನ್ನು ಬಿಟ್ಟುಬಿಡುವುದು ಮೇಲು. ಸಿಡುಬಿನ ಕಲೆಯಂಥ ಗುಳಿಗಳು ತೋಟಾ ಕೂರುವ ಜಾಗದ ಮುಂದೆ ಆಳವಾಗಿದ್ದರೂ ಅಷ್ಟೇ. ಕರಿಮದ್ದಿನ ಮಸಿ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ಹಳಬರು ಬೇಟೆಯಿಂದ ಬಂದವರೇ ಬಿಸಿನೀರು ಹೊಯ್ದು ತೊಳೆಯುತ್ತಿದ್ದರು. ತೊಳೆಯದೆ ಮಲಗಿದವರ ಕೋವಿ ಇವತ್ತು ಒಳಗೆ ಗುಳಿ ಬಿದ್ದು ಕೂತಿದೆ.

ಗುಳಿ ಇಲ್ಲದೆ ಕನ್ನಡಿಯಂತೆ ಹೊಳೆಯುವ ಹಳೆ ನಳಿಗೆಯನ್ನು ಕಂಡರೆ ನನಗೆ ಇನ್ನೂ ಅನುಮಾನ ಜಾಸ್ತಿ. ಗುಳಿ ಹೋಗಿಸಲು ಒಳಗೆ ಉಜ್ಜಿ ಉಜ್ಜಿ ಗೋಡೆ ತೆಳುವಾಗಿಸಿರಬಹುದು. ಇದನ್ನು ಹಿಡಿಯುವ ದಾರಿಯೂ ಕೆಳಮೈಯಲ್ಲೇ ಇದೆ. ಹನ್ನೆರಡು ಬೋರು ಎಂದರೆ ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಎರೆದರೆ ಒಂದೊಂದು ಗುಂಡಿನ ಅಡ್ಡಳತೆ, 0.729 ಇಂಚು, ಸುಮಾರು 18.5 ಮಿಲಿಮೀಟರು. ಹಳೆ ಕೋವಿಯಲ್ಲಿ ತೋಟಾ ಹನ್ನೆರಡರದ್ದಾದರೂ ನಳಿಗೆಯ ಮೇಲೆ 13 ಎಂದು ಒತ್ತಿರುವುದುಂಟು. ಅಂದರೆ ಪರೀಕ್ಷೆಯ ದಿನ ಒಳ ಅಳತೆ 0.710ರ ಆಸುಪಾಸು. ಇವತ್ತು ಅಳೆದಾಗ 0.729 ಬಂದರೆ ಎಷ್ಟು ಲೋಹ ಹೋಗಿದೆ ಎಂದು ಲೆಕ್ಕ ಹಾಕಿಕೊಳ್ಳಿ. ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆಯಾದ ಕೋವಿಯನ್ನು ಇಂಗ್ಲಿಷ್ ವ್ಯಾಪಾರಿಗಳು ಮುಟ್ಟಲು ಹಿಂಜರಿಯುತ್ತಾರೆ. ಈ ಅಳತೆಗೆ ಬೇರೆ ಉಪಕರಣ ಬೇಕು, ಲೈಸೆನ್ಸಿರುವ ಕೋವಿ ಅಂಗಡಿಯ ಕಸುಬಿಯ ಹತ್ತಿರವೇ ಮಾಡಿಸಬೇಕು. ದುಡ್ಡು ಕೊಡುವ ಮುಂಚೆ.

ಮೂತಿಯನ್ನೂ ನೋಡಿ. ಎರಡು ನಳಿಗೆ ಮುಂದೆ ಹೋದಂತೆ ಹತ್ತಿರವಾಗಿ ತುದಿಯಲ್ಲಿ ಒಂದಕ್ಕೊಂದು ತಾಗಿರಬೇಕು. ನಡುವೆ ಸಂದಿದ್ದು ಅದಕ್ಕೆ ತವರವೋ ಹಿತ್ತಾಳೆಯೋ ತುಂಬಿದ್ದರೆ ಮುಂದಿನ ತುಂಡನ್ನು ಯಾರೋ ಕೊಯ್ದಿದ್ದಾರೆ. ಬಹುಶಃ ಒಡೆದಿತ್ತು, ಇಲ್ಲವೇ ಉಬ್ಬಿತ್ತು. ಟೇಪು ಹಿಡಿಯಿರಿ: ಸಾಮಾನ್ಯವಾಗಿ ಇಂಥ ಕೋವಿಯ ನಳಿಗೆ 28ರಿಂದ 30 ಇಂಚು. 20 ಇಂಚಿಗಿಂತ ಕಡಿಮೆಯಾದರೆ ಅದು ಆತ್ಮರಕ್ಷಣೆಯ ಮಾಮೂಲಿ ಲೈಸೆನ್ಸಿನ ಆಚೆಗೆ ಹೋಗುತ್ತದೆ.

ತೋಟಾ ಕೂರುವ ಗೂಡಿನ ಉದ್ದ ಇನ್ನೊಂದು ಬಲೆ. ಹಳೆ ಕೋವಿಗಳಲ್ಲಿ ಬಹುಪಾಲು ಎರಡೂವರೆ ಇಂಚು, ಈಗಿನ ತೋಟಾದ ಲೆಕ್ಕದಲ್ಲಿ 65 ಮಿಲಿಮೀಟರು. ಈಗಿನ ತೋಟಾ 70 ಮಿಲಿಮೀಟರಿನದೂ ಇದೆ. 70ರದ್ದು 65ರ ಗೂಡಿನಲ್ಲಿ ಸರಾಗವಾಗಿ ಕೂತು ಕೋವಿ ಮುಚ್ಚಿಕೊಳ್ಳುತ್ತದೆ, ಯಾಕೆಂದರೆ ಆ ಅಳತೆ ಬಾಯಿ ಬಿಚ್ಚಿದ ಮೇಲಿನ ಉದ್ದ. ಹಾರಿಸಿದಾಗ ಮಡಿಸಿದ ಬಾಯಿ ಗೂಡಿನಾಚೆಯ ಇಕ್ಕಟ್ಟಿನಲ್ಲಿ ಬಿಚ್ಚಿಕೊಂಡು ಚರೆಗೆ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ.

ನಳಿಗೆಯನ್ನು ಮತ್ತೆ ಹಿಡಿಗೆ ಜೋಡಿಸಿ, ಮುಂದಿನ ಮರ ಹಾಕದೆ, ಮುಚ್ಚಿ ಅಲ್ಲಾಡಿಸಿ. ಕಟಕಟ ಎಂದರೆ ಕೀಲು ಸವೆದಿದೆ. ನಳಿಗೆಯ ಹಿಂಬದಿಗೂ ಅದು ಒರಗುವ ಹಿಡಿಯ ಕಡೆಯ ಲೋಹದ ಗೋಡೆಗೂ ನಡುವೆ ತೆಳು ಕಾಗದ ನುಸುಳಿದರೂ, ದೀಪಕ್ಕೆ ಹಿಡಿದಾಗ ಬೆಳಕಿನ ಗೆರೆ ಕಂಡರೂ ಅದೇ ಕಾಯಿಲೆ. ಕಸುಬಿಗಳಿಗೆ ಇದು ಕೈಲಾಗುವ ಕೆಲಸ. ಆದರೆ ಕೊಕ್ಕೆಗೆ ಸುತ್ತಿಗೆ ಪೆಟ್ಟು ಹಾಕಿ ತಾತ್ಕಾಲಿಕವಾಗಿ ಬಿಗಿ ಮಾಡಿ ಮಾರುವವರೂ ಇದ್ದಾರೆ. ಕೊಕ್ಕೆಯ ಮೇಲೆ ಹೊಸ ಪೆಟ್ಟಿನ ಗುರುತಿದೆಯೇ ನೋಡಬೇಕು.

ಇನ್ನು ಕುದುರೆ. ಒಂದೊಂದಾಗಿ ಹೆಬ್ಬೆರಳಿನಿಂದ ಎಳೆಯಿರಿ. ತೀರ ಹಳೆಯದಾದರೆ ಕುದುರೆ ಬಿದ್ದ ಜಾಗದಲ್ಲೇ ಸೂಜಿಯನ್ನು ಒತ್ತಿ ಕೂರುತ್ತದೆ, ಅರ್ಧಕ್ಕೆ ಎಳೆಯದೆ ಕೋವಿ ಮುರಿಯಲೂ ಬಾರದು, ಮುಚ್ಚಲೂ ಬಾರದು. 1867ರಲ್ಲಿ ಸ್ಟಾಂಟನ್ ಎಂಬಾತ ಮಾಡಿದ ಸುಧಾರಣೆಯಲ್ಲಿ ಕುದುರೆ ಬಡಿದು ತಾನೇ ಹಿಂದಕ್ಕೆ ಸರಿಯುತ್ತದೆ. ಎರಡನೆಯದೇ ಸುರಕ್ಷಿತ. ಮೊದಲ ಬಗೆಯದರಲ್ಲಿ ಅರ್ಧ ಎಳೆದ ಕುದುರೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ ನೋಡಿ, ಟ್ರಿಗರನ್ನೂ ಎಳೆದು ನೋಡಿ. ಬಿದ್ದರೆ ಒಳಗಿನ ಹಲ್ಲು ಸವೆದಿದೆ, ಎತ್ತಿನಗಾಡಿಯ ಕುಲುಕಾಟಕ್ಕೆ ಈಡು ಹಾರಿದ ಕಥೆಗಳೆಲ್ಲ ಇಂಥ ಹಲ್ಲಿನವೇ. ಖಾಲಿ ಕೋವಿಯ ಕುದುರೆಯನ್ನು ಪಟಪಟ ಬೀಳಿಸಿ ತೋರಿಸುವ ಚಪಲ ಮಾರುವವರಿಗೂ ಕೊಳ್ಳುವವರಿಗೂ ಇರುತ್ತದೆ. ಬೇಡ, ನೂರು ವರ್ಷದ ಸೂಜಿ ಮುರಿಯುವುದು ಹಾಗೆಯೇ. ಹಾರಿಸಿ ಮುಗಿದ ಖಾಲಿ ತೋಟಾ ಹಾಕಿ ಒಮ್ಮೆ ನೋಡಿದರೆ ಸಾಕು.

ಕುದುರೆಯ ಮೂತಿ ಕೆಳಗೆ ನೇರ ಬಡಿಯುವಂತಿದ್ದು ನಳಿಗೆಯ ಮೇಲಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಅದು ತೋಟಾದ ಪಕ್ಕದಿಂದ ಮೊಳೆ ಚಾಚುವ ಲೆಫೊಶೆ ಮಾದರಿ. ಅದರ ತೋಟಾ ಅಂಗಡಿಯಲ್ಲಿ ಸಿಗುವುದಿಲ್ಲ. ಕೊಂಡರೆ ನೋಡುತ್ತ ಕೂರಬೇಕು, ಆದರೂ ಲೈಸೆನ್ಸು ಪುಸ್ತಕದ ಎರಡು ಜಾಗದಲ್ಲಿ ಒಂದನ್ನು ಅದು ತಿನ್ನುತ್ತದೆ.

ಮರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಬ್ಬೆರಳು ಸುತ್ತುವ ಸಪೂರ ಜಾಗದಲ್ಲಿ ಬಿರುಕು, ಅದರ ಮೇಲೆ ಹಿತ್ತಾಳೆ ಪಟ್ಟಿ, ಎಣ್ಣೆ ಕುಡಿದು ಕಪ್ಪಾದ ಮೆತ್ತನೆ ಮರ, ಬಾಯಿ ಹರಿದ ತಿರುಪು ಮೊಳೆಗಳು, ಇವು ಕಣ್ಣಿಗೇ ಕಾಣುತ್ತವೆ. ಮರ ಬದಲಾಯಿಸಬಹುದು, ನಳಿಗೆ ಬದಲಾಯಿಸಲು ಬರುವುದಿಲ್ಲ.

ಅಟ್ಟದಲ್ಲಿ ಸಿಕ್ಕಿದ, ಲೈಸೆನ್ಸುದಾರರು ತೀರಿಕೊಂಡ ಕೋವಿಯನ್ನು ಯಾರಾದರೂ ಗುಟ್ಟಾಗಿ ತೋರಿಸಿದರೆ ಬೆಲೆ ಮಾತಾಡುವ ಹಾಗೇ ಇಲ್ಲ. ಮನೆಯವರು ತಡಮಾಡದೆ ಅದನ್ನು ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸಿರುವ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಕೇಳಬಹುದು, ಇಲ್ಲವೇ ಠೇವಣಿಯ ಅವಧಿಯೊಳಗೆ ಲೈಸೆನ್ಸಿರುವವರಿಗೆ ಮಾರಬಹುದು. ಅವಧಿ ಮೀರಿದರೆ ಸರ್ಕಾರಕ್ಕೆ ಮುಟ್ಟುಗೋಲು. ಲೈಸೆನ್ಸುದಾರರು ಬದುಕಿದ್ದಾಗಲೇ, 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ವಾರಸುದಾರರೊಬ್ಬರನ್ನು ಸೂಚಿಸಿ ಅವರ ಹೆಸರಿಗೆ ಲೈಸೆನ್ಸು ಕೇಳಲು 2016ರ ನಿಯಮಗಳಲ್ಲಿ ದಾರಿಯಿದೆ. ಮಂಡ್ಯ ಜಿಲ್ಲೆಯ ಹಿರಿಯರು ಇದನ್ನು ಬಳಸಿಕೊಂಡರೆ ಎಷ್ಟೋ ಕೋವಿಗಳು ಠಾಣೆಯ ಮಾಲಖಾನೆಯಲ್ಲಿ ತುಕ್ಕು ಹಿಡಿಯುವುದು ತಪ್ಪುತ್ತದೆ. ವಿದೇಶದಲ್ಲಿರುವ ಮೊಮ್ಮಗನಿಗೆ ಕಳಿಸೋಣ ಎಂಬ ಯೋಚನೆಯನ್ನಂತೂ ಬಿಡಬೇಕು. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ, ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ.

ಎಲ್ಲ ಸರಿಹೋಗಿ ಇಬ್ಬರು ಲೈಸೆನ್ಸುದಾರರ ನಡುವೆ ನೇರ ವ್ಯಾಪಾರವಾದರೆ, ಮಾರುವವರು ಯಾರಿಗೆ ಮಾರುತ್ತೇನೆ ಎಂದು ಹೆಸರು, ವಿಳಾಸ ಸಮೇತ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ಕೊಡಬೇಕು. ಕೊಟ್ಟ ಮೇಲೆ 45 ದಿನ ಕಳೆಯುವವರೆಗೆ ಕೋವಿ ಕೈ ಬದಲಾಗುವಂತಿಲ್ಲ. ಆ ದಿನಗಳಲ್ಲಿ ಕೋವಿ ಮಾರುವವರ ಮನೆಯಲ್ಲೇ ಇರಲಿ, ಮುಂಗಡ ಎಷ್ಟು ಕೊಟ್ಟಿದ್ದರೂ. ಈ ನಡುವೆ ಚುನಾವಣೆ ಘೋಷಣೆಯಾದರೆ ಕೋವಿಗಳನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರಬಹುದು. ಆಗ ರಸೀದಿ ಮಾರುವವರ ಹೆಸರಿನಲ್ಲೇ ಇರಬೇಕು, ನಿಮ್ಮ ಹೆಸರಿನಲ್ಲಲ್ಲ. 45 ದಿನ ಕಳೆದ ಮೇಲೆ ಅವರ ಪುಸ್ತಕದಿಂದ ನಮೂದು ತೆಗೆಸಿ, ನಿಮ್ಮ ಪುಸ್ತಕದಲ್ಲಿ ಬರೆಸುವಾಗ ನಂಬರನ್ನು ಗುಮಾಸ್ತರ ಬಾಯಿಂದ ಕೇಳಿ ಒಪ್ಪಿಕೊಳ್ಳಬೇಡಿ. ಕೆಳಮೈ ತಿರುಗಿಸಿ ನೀವೇ ಓದಿ ಹೇಳಿ. ನಾಳೆ ತೋಟಾ ಕೊಳ್ಳಲು ಮೈಸೂರಿಗೋ ಬೆಂಗಳೂರಿಗೋ ಹೋದಾಗ ಅಂಗಡಿಯವರು ನೋಡುವುದು ಆ ಪುಟವನ್ನೇ. ನೀವು ನೋಡಬೇಕಾದದ್ದು ಡಬ್ಬಿಯ ಮೇಲೆ 65 ಇದೆಯೋ 70 ಇದೆಯೋ ಎಂದು.